ಶಿಫ್ಟ್ ಬದಲಾದರೂ ಏಳದ ಥ್ರೆಡ್: ಭೋಸರಿ ಫೌಂಡ್ರಿಯ ರಿಪೇರಿ ಲಾಗ್

ದೂರು ಇಷ್ಟೇ. ಶಿಫ್ಟ್ ಬದಲಾದ ಮೇಲೆ ತೂಗಿದ ಮೊದಲ ಕಾಸ್ಟಿಂಗ್ (ಎರಕದ ಪೀಸ್) ಆಗಾಗ ಹಿಂದಿನ ಶಿಫ್ಟ್‌ನ ಲೆಕ್ಕಕ್ಕೆ ಹೋಗುತ್ತದೆ. ದಿನಾ ಅಲ್ಲ. ಎಲ್ಲ ಕಾಟಾದಲ್ಲೂ (ತೂಕದ ಯಂತ್ರ) ಅಲ್ಲ. ಆದರೆ ಪೀಸ್ ಲೆಕ್ಕದ ಮೇಲೆ ಇನ್ಸೆಂಟಿವ್ ಕೊಡುವ ಜಾಗದಲ್ಲಿ ಒಂದು ಪೀಸ್ ಆಚೀಚೆ ಆದರೂ ಜಗಳ. ವಿಜಯಪುರ ಕಡೆಯ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದು: "ಮುಂಜಾನಿ ಮೊದಲನೇ ಪೀಸ್ ರಾತ್ರಿಯವರ ಲೆಕ್ಕಕ್ಕ ಹ್ವಾದ್ರ ನಾ ಇವ್ರಿಗೆ ಏನ್ ಹೇಳ್ಲಿ?"

ಜಾಗ: ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಫೌಂಡ್ರಿ, ಲೋಹದ ಎರಕ ಹೊಯ್ಯುವ ಕಾರ್ಖಾನೆ. ಗ್ರೈಂಡಿಂಗ್ ವಿಭಾಗದಲ್ಲಿ ನಾಲ್ಕು ಎಲೆಕ್ಟ್ರಾನಿಕ್ ಕಾಟಾ. ಪ್ರತಿಯೊಂದರಿಂದ ಆರ್‌ಎಸ್-232 (ಸೀರಿಯಲ್) ವೈರ್ ಬಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಒಂದು ಹಳೇ ಥಿನ್ ಕ್ಲೈಂಟ್‌ಗೆ, ಅಂದರೆ ಸಣ್ಣ ಕಂಪ್ಯೂಟರ್‌ಗೆ, ಸೇರುತ್ತದೆ. ಅದರಲ್ಲಿ ಉಬುಂಟು 20.04 ಲಿನಕ್ಸ್, ಅದರ ತಿರುಳಾದ ಕರ್ನಲ್ 5.4, ಪ್ರೋಗ್ರಾಮ್‌ಗಳು ಬಳಸುವ ಸಿ ಲೈಬ್ರರಿ ಜಿಲಿಬ್‌ಸಿ 2.31. ಆಪರೇಟರ್ ಪ್ರಿಂಟ್ ಬಟನ್ ಒತ್ತಿದಾಗ ಮಾತ್ರ ಕಾಟಾ ಒಂದು ಸಾಲು ಕಳಿಸುತ್ತದೆ. ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್), ಸಾಲಿಗೆ 18 ಬೈಟ್. ಅದನ್ನು ಓದಿ ಫೈಲಿಗೆ ಬರೆಯುವ ಸಿ ಪ್ರೋಗ್ರಾಮ್ ಹಿಂದೆ ಯಾರೋ ಬರೆದುಕೊಟ್ಟಿದ್ದು. ಸೋರ್ಸ್ ಇತ್ತು, ಅದೇ ಪುಣ್ಯ.

ಗಡಿಯಾರ ನೋಡಿ ಶಿಫ್ಟ್ ನಿರ್ಧರಿಸಿದರೆ ಸಾಕಲ್ವಾ ಅಂತ ಕೇಳಬಹುದು. ಆಗಲ್ಲ. ಓವರ್‌ಟೈಮ್ ಇದ್ದರೆ ಶಿಫ್ಟ್ ಮುಗಿಯುವುದು ಸೂಪರ್‌ವೈಸರ್ ಪ್ಯಾನೆಲ್ ಮೇಲಿನ ಬಟನ್ ಒತ್ತಿದಾಗ. ಒತ್ತಿದ ಕೂಡಲೇ ಹಳೇ ಫೈಲ್ ಮುಚ್ಚಬೇಕು, ಒಟ್ಟು ತೂಕದ ಚೀಟಿ ಪ್ರಿಂಟ್ ಆಗಬೇಕು, ಹೊಸ ಫೈಲ್ ತೆರೆಯಬೇಕು.

1. ಸೋರ್ಸ್ ಓದಿದ್ದು

ಒಂದು ಕಾಟಾಗೆ ಒಂದು ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಒಂದು ಎಳೆ. ಥ್ರೆಡ್‌ನ ಸುತ್ತು ಹೀಗಿದೆ: ಶಿಫ್ಟ್ ಫ್ಲ್ಯಾಗ್ (ಶಿಫ್ಟ್ ಬದಲಾಯಿತು ಅನ್ನುವ ಗುರುತು) ನೋಡು, ಎದ್ದಿದ್ದರೆ ಫೈಲ್ ಬದಲಿಸು. ಆಮೇಲೆ "ಕಾಯುತ್ತಿದ್ದೇನೆ" ಅಂತ ಸ್ಟೇಟಸ್ ಫೈಲಿಗೆ ಬರೆ. ಆಮೇಲೆ ರೀಡ್ ಮಾಡು, ಅಂದರೆ ಕಾಟಾದಿಂದ ಸಾಲು ಬರುವವರೆಗೆ ಕಾದು ಓದು. ಬಂದ ಸಾಲನ್ನು ಫೈಲಿಗೆ ಬರೆ. ಮತ್ತೆ ಮೇಲಕ್ಕೆ.

ರೀಡ್‌ನಲ್ಲಿ ಥ್ರೆಡ್ ಎಷ್ಟು ಹೊತ್ತು ಬೇಕಾದರೂ ಕೂತಿರುತ್ತದೆ. ಅದನ್ನು ಎಬ್ಬಿಸಲು ಮೇನ್ ಥ್ರೆಡ್ ಫ್ಲ್ಯಾಗ್ ಎತ್ತಿ, ಪಿಥ್ರೆಡ್_ಕಿಲ್ ಫಂಕ್ಷನ್ ಮೂಲಕ ಅದಕ್ಕೆ ಸಿಗ್‌ಯೂಸರ್1 ಅನ್ನುವ ಸಿಗ್ನಲ್ ಕಳಿಸುತ್ತದೆ. ಸಿಗ್ನಲ್ ಬಂದಾಗ ಓಡುವ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಖಾಲಿ. ಸಿಗ್ನಲ್ ಬಂದರೆ ರೀಡ್ ಈಇಂಟರ್ (ನಡುವೆ ತಡೆ ಬಂತು) ಎರರ್ ಕೊಟ್ಟು ಹೊರಗೆ ಬರಬೇಕು, ಸುತ್ತಿನ ಮೇಲಕ್ಕೆ ಹೋಗಿ ಫ್ಲ್ಯಾಗ್ ನೋಡಬೇಕು. ಸರ್ವಿಸ್ ನಿಲ್ಲಿಸುವುದಕ್ಕೂ ಇದೇ ದಾರಿ.

ಮೊದಲು ಅನುಮಾನ ಬಂದದ್ದು ಸಿಗ್ನಲ್‌ನ ಎಸ್ಎ_ರಿಸ್ಟಾರ್ಟ್ ಆಯ್ಕೆ ಮೇಲೆ. ಆ ಆಯ್ಕೆ ಹಾಕಿದ್ದರೆ ಕರ್ನಲ್ಲೇ ರೀಡನ್ನು ಮತ್ತೆ ಶುರು ಮಾಡುತ್ತದೆ, ಥ್ರೆಡ್ ಹೊರಗೇ ಬರಲ್ಲ. ಜಿಲಿಬ್‌ಸಿಯಲ್ಲಿ ಹಳೇ ಸಿಗ್ನಲ್ ಫಂಕ್ಷನ್ ಬಳಸಿದರೆ ಅದು ತಾನೇ ಸೇರಿಕೊಳ್ಳುತ್ತದೆ. ಇಲ್ಲಿ ಸಿಗ್‌ಆ್ಯಕ್ಷನ್ ಬಳಸಿ ಆ ಆಯ್ಕೆಗಳನ್ನು ಸೊನ್ನೆ ಇಟ್ಟಿದ್ದರು. ಅದು ಸರಿಯಾಗಿಯೇ ಇತ್ತು.

2. ಮನೆಯಲ್ಲಿ ತಪ್ಪನ್ನು ಕಣ್ಣಾರೆ ನೋಡಿದ್ದು

ನಡೆಯುತ್ತಿರುವ ಫೌಂಡ್ರಿಯಲ್ಲಿ ಪ್ರಯೋಗ ಮಾಡಲು ಆಗಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಉಬುಂಟು ಹಾಕಿ, ಸೋಕ್ಯಾಟ್ ಅನ್ನುವ ಟೂಲ್‌ನಿಂದ ಸುಳ್ಳು ಸೀರಿಯಲ್ ಪೋರ್ಟ್‌ಗಳ ಜೋಡಿ ಮಾಡಿಕೊಂಡೆ. ಒಂದು ತುದಿಯಲ್ಲಿ ಪ್ರೋಗ್ರಾಮ್, ಇನ್ನೊಂದು ತುದಿಯಲ್ಲಿ ತೂಕದ ಸಾಲು ಉಗುಳುವ ಸಣ್ಣ ಸ್ಕ್ರಿಪ್ಟ್. ಖರ್ಚು ಸೊನ್ನೆ.

ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್‌ಗೆ ಎಲ್ಲ ಥ್ರೆಡ್ ತೋರಿಸುವ ಮತ್ತು ಪ್ರತಿ ಕಾಲ್‌ಗೆ ಹಿಡಿದ ಸಮಯ ತೋರಿಸುವ ಆಯ್ಕೆ ಹಾಕಿ ಬಿಟ್ಟೆ. ಸಿಕ್ಕಿಹಾಕಿಕೊಂಡ ಸಲ ಸಾಲುಗಳ ಅನುಕ್ರಮ ಹೀಗಿತ್ತು. ಕಾಟಾ ಥ್ರೆಡ್ ಸ್ಟೇಟಸ್ ಫೈಲಿಗೆ ರೈಟ್ ಮಾಡಿತು, ಅದನ್ನು ಡಿಸ್ಕಿಗೆ ಖಾತ್ರಿಯಾಗಿ ಇಳಿಸುವ ಎಫ್‌ಸಿಂಕ್ ಶುರು ಮಾಡಿತು. ಅದು ಮುಗಿಯುವ ಮೊದಲೇ ಮೇನ್ ಥ್ರೆಡ್‌ನ ಟಿಜಿಕಿಲ್ (ಪಿಥ್ರೆಡ್_ಕಿಲ್ ಒಳಗಿಂದ ಸಿಗ್ನಲ್ ಕಳಿಸುವ ಕರ್ನಲ್ ಕಾಲ್) ಹೋಯಿತು, ಉತ್ತರ ಸೊನ್ನೆ, ಅಂದರೆ ಯಶಸ್ವಿ. ಎಫ್‌ಸಿಂಕ್ ಮುಗಿಯಿತು. ಸಿಗ್‌ಯೂಸರ್1 ಬಂತು ಅನ್ನುವ ಸಾಲು. ಹ್ಯಾಂಡ್ಲರ್‌ನಿಂದ ವಾಪಸ್ ಬಂದ ಸಾಲು. ಅದರ ಕೆಳಗೆ ರೀಡ್, ಬ್ರಾಕೆಟ್ ತೆರೆದೇ ಇದೆ, ಉತ್ತರ ಇಲ್ಲ. ಕರ್ಸರ್ ಅಲ್ಲೇ ಮಿಣುಕುತ್ತಿದೆ.

ಸಿಗ್ನಲ್ ತಲುಪಲಿಲ್ಲ ಅಂತಲ್ಲ. ತಲುಪಿತು, ಆದರೆ ಫ್ಲ್ಯಾಗ್ ನೋಡಿ ಆದ ಮೇಲೆ ಮತ್ತು ರೀಡ್‌ಗೆ ಇಳಿಯುವ ಮೊದಲು ತಲುಪಿತು. ಆ ಸಂದಿಯಲ್ಲಿ ಬಂದರೆ ಹ್ಯಾಂಡ್ಲರ್ ಓಡಿ ಮುಗಿಯುತ್ತದೆ, ಸಿಗ್ನಲ್ ಖರ್ಚಾಗಿ ಹೋಗುತ್ತದೆ. ನಂತರ ಥ್ರೆಡ್ ಏನೂ ಆಗದ ಹಾಗೆ ಹೋಗಿ ರೀಡ್‌ನಲ್ಲಿ ಮಲಗುತ್ತದೆ. ಮುಂದಿನ ಶಿಫ್ಟ್‌ನ ಮೊದಲ ಪೀಸ್ ಬಂದಾಗ ಅದು ಎದ್ದು, ಹಳೇ ಫೈಲಿಗೆ ಬರೆದು, ಆಮೇಲೆ ಫ್ಲ್ಯಾಗ್ ನೋಡುತ್ತದೆ. ದೂರಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಸಾಮಾನ್ಯವಾಗಿ ಈ ಸಂದಿ ಕೆಲವೇ ಮೈಕ್ರೋಸೆಕೆಂಡ್. ಇಲ್ಲಿ ಪದೇಪದೇ ಯಾಕೆ ಆಗುತ್ತಿತ್ತು? ಆ ಎಫ್‌ಸಿಂಕ್ ಕಾರಣ. ಫೌಂಡ್ರಿಯ ಥಿನ್ ಕ್ಲೈಂಟ್‌ನ ಅಗ್ಗದ ಫ್ಲ್ಯಾಶ್ ಮೇಲೆ ಆಮೇಲೆ ಅಳೆದಾಗ ಅದು 20ರಿಂದ 45 ಮಿಲಿಸೆಕೆಂಡ್ ತಿನ್ನುತ್ತಿತ್ತು. ಅದೂ ಪ್ರತಿ ತೂಕ ಆದ ಕೂಡಲೇ. ಶಿಫ್ಟ್ ಮುಗಿಯುವ ಹೊತ್ತಿಗೆ ಎಲ್ಲರೂ ಕೊನೇ ಪೀಸ್‌ಗಳನ್ನು ಗಡಿಬಿಡಿಯಲ್ಲಿ ತೂಗುತ್ತಾರೆ. ಬಟನ್ ಒತ್ತುವುದೂ ಅದೇ ಹೊತ್ತಿಗೆ.

ಖಾತ್ರಿಗೆ ಫ್ಲ್ಯಾಗ್ ನೋಡುವ ಸಾಲಿಗೂ ರೀಡ್ ಸಾಲಿಗೂ ನಡುವೆ 200 ಮಿಲಿಸೆಕೆಂಡ್ ನಿದ್ದೆ ಹಾಕಿದೆ. ತೂಕ ಬಂದ ತಕ್ಷಣ ಬಟನ್ ಒತ್ತಿದರೆ ಪ್ರತಿ ಸಲವೂ ಸಿಕ್ಕಿಬೀಳುತ್ತದೆ. ಇಂಥ ತಪ್ಪು ಹಿಡಿಯುವವರು ಮೊದಲು ಇದನ್ನೇ ಮಾಡಿ. ಅನುಮಾನ ಇರುವ ಸಂದಿಯನ್ನು ಅಗಲ ಮಾಡಿ, ಆಮೇಲೆ ಮಾತಾಡಿ. ರಾತ್ರಿಯೆಲ್ಲ ಲಾಗ್ ನೋಡುತ್ತ ಕೂರುವುದು ತಪ್ಪುತ್ತದೆ.

3. ತಕ್ಷಣದ ತೇಪೆ

ರೀಡ್ ಆದ ಮೇಲೆ, ಫೈಲಿಗೆ ಬರೆಯುವ ಮೊದಲು, ಇನ್ನೊಮ್ಮೆ ಫ್ಲ್ಯಾಗ್ ನೋಡು ಅಂತ ಮೂರು ಸಾಲು ಸೇರಿಸಿ ಅವತ್ತೇ ಹಾಕಿಬಿಟ್ಟೆ. ಪೀಸ್ ಸರಿಯಾದ ಶಿಫ್ಟ್‌ಗೆ ಬೀಳತೊಡಗಿತು. ಜಗಳ ನಿಂತಿತು.

ಆದರೆ ಥ್ರೆಡ್ ಮಲಗುವುದು ನಿಲ್ಲಲಿಲ್ಲ. ಒಟ್ಟು ತೂಕದ ಚೀಟಿ ಮುಂದಿನ ಪೀಸ್ ಬರುವವರೆಗೆ ಪ್ರಿಂಟ್ ಆಗುತ್ತಿರಲಿಲ್ಲ. ಸರ್ವಿಸ್ ನಿಲ್ಲಿಸಿದರೆ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತನ್ನ ಡೀಫಾಲ್ಟ್ 90 ಸೆಕೆಂಡ್ ಕಾದು ಸಿಗ್‌ಕಿಲ್ ಕೊಟ್ಟು ಕೊಲ್ಲುತ್ತಿತ್ತು. ಫೌಂಡ್ರಿಯವರಿಗೆ ಈ ಕೊಲ್ಲುವುದು ಗೊತ್ತೇ ಆಗುವುದಿಲ್ಲ, ಆದರೆ ನನಗೆ ಗೊತ್ತಾಯಿತಲ್ಲ.

4. ಎಫ್‌ಸಿಂಕ್ ಜಾಗ ಬದಲಿಸಿದ್ದು

ಸ್ಟೇಟಸ್ ಬರೆಯುವುದನ್ನು ಫ್ಲ್ಯಾಗ್ ಚೆಕ್‌ನ ಮೇಲಕ್ಕೆ ತಂದೆ. ಸಂದಿ ಕಿರಿದಾಯಿತು, ಮುಚ್ಚಲಿಲ್ಲ. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಮನೆ ಶಿಫ್ಟ್ ಬದಲಿಸುವ ಸ್ಕ್ರಿಪ್ಟ್ ಬಿಟ್ಟು ಮಲಗಿದರೆ ಬೆಳಗ್ಗೆ ಯಾವುದೋ ಒಂದು ಥ್ರೆಡ್ ರೀಡ್‌ನಲ್ಲಿ ಕೂತಿರುತ್ತಿತ್ತು. ಬೇಡ.

ಸೀರಿಯಲ್ ಪೋರ್ಟ್‌ನ ವಿಟೈಮ್ ಸೆಟ್ಟಿಂಗ್ ಬಳಸಿ ರೀಡ್‌ಗೇ ಟೈಮ್‌ಔಟ್ ಕೊಡುವುದನ್ನೂ ನೋಡಿದೆ. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, 10 ಅಂದರೆ ಒಂದು ಸೆಕೆಂಡ್. ಕೆಲಸ ಆಗುತ್ತದೆ. ಆದರೆ ಟೈಮ್‌ಔಟ್ ಆದರೂ ರೀಡ್ ಸೊನ್ನೆ ಕೊಡುತ್ತದೆ, ಯುಎಸ್‌ಬಿ ಕಿತ್ತು ಬಂದರೂ ಸೊನ್ನೆಯನ್ನೇ ಕೊಡುತ್ತದೆ. ಗ್ರೈಂಡರ್ ಪಕ್ಕದಲ್ಲಿ ಕೇಬಲ್ ಕಿತ್ತು ಬರುವುದು ಮಾಮೂಲು. ಎರಡನ್ನೂ ಬೇರೆ ಮಾಡಲು ಇನ್ನೊಂದಿಷ್ಟು ಕೋಡ್ ಬೇಕು. ಬಿಟ್ಟೆ.

5. ಉತ್ತರ ಬರುವವರೆಗೆ ಸಿಗ್ನಲ್ ಕಳಿಸಿದ್ದು, ಕ್ರ್ಯಾಶ್ ಆದದ್ದು

ಥ್ರೆಡ್ ಫೈಲ್ ಬದಲಿಸಿ "ಆಯ್ತು" ಅಂತ ಗುರುತು ಹಾಕುವವರೆಗೆ 50 ಮಿಲಿಸೆಕೆಂಡಿಗೊಮ್ಮೆ ಸಿಗ್‌ಯೂಸರ್1 ಕಳಿಸುತ್ತಿರು. ಒಂದು ಸಿಗ್ನಲ್ ಸಂದಿಯಲ್ಲಿ ಬಿದ್ದರೆ ಮುಂದಿನದ್ದು ರೀಡ್‌ನಲ್ಲಿ ಹಿಡಿಯುತ್ತದೆ. ರಾತ್ರಿಯ ಪರೀಕ್ಷೆ ಪಾಸಾಯಿತು. ನೋಡಲು ಚೆನ್ನಾಗಿಲ್ಲ, ಆದರೆ ನಡೆಯುತ್ತದೆ ಅಂದುಕೊಂಡು ಗುರುವಾರ ಫೌಂಡ್ರಿಗೆ ಹೋಗಿ ಹಾಕಿದೆ. ಗುರುವಾರ ಭೋಸರಿಯಲ್ಲಿ ಕಾರ್ಖಾನೆಗಳಿಗೆ ವಾರದ ರಜೆ, ಕೈಯಾಡಿಸಲು ಅದೇ ಒಳ್ಳೆಯ ದಿನ.

ಮರುವಾರವೇ ಸೆಗ್‌ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಬಿತ್ತು. ಬಿದ್ದ ಕ್ಷಣದ ಮೆಮೊರಿ ಇರುವ ಕೋರ್ ಫೈಲ್ ತಂದು ಜಿಡಿಬಿ ಡೀಬಗರ್‌ನಲ್ಲಿ ತೆರೆದರೆ ಬಿದ್ದಿರುವುದು ಪಿಥ್ರೆಡ್_ಕಿಲ್ ಒಳಗೆ. ಕರ್ನಲ್ ತನಕ ಹೋಗಿಯೇ ಇಲ್ಲ.

ಇದು ಬೇರೆಯದೇ ರೇಸ್, ಯಾವುದು ಮೊದಲು ಆಗುತ್ತದೆ ಅನ್ನುವುದರ ಮೇಲೆ ನಿಂತ ತಪ್ಪು. ಹಳೇ ಕೋಡ್ ಥ್ರೆಡ್‌ಗಳನ್ನು ಡಿಟ್ಯಾಚ್ ಮಾಡಿ, ಅಂದರೆ ಮುಗಿದಾಗ ಯಾರೂ ವಿಚಾರಿಸದ ಹಾಗೆ, ಬಿಟ್ಟಿತ್ತು. ಕೇಬಲ್ ಕಿತ್ತರೆ ಥ್ರೆಡ್ ಯಾರಿಗೂ ಹೇಳದೆ ಮುಗಿದುಹೋಗುತ್ತದೆ. ಮೇನ್ ಥ್ರೆಡ್‌ನ ಪಟ್ಟಿಯಲ್ಲಿ ಅದರ ಹಳೇ ಪಿಥ್ರೆಡ್_ಟಿ (ಥ್ರೆಡ್‌ನ ಗುರುತು) ಹಾಗೇ ಉಳಿದಿರುತ್ತದೆ. ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ ಈ ಪಿಥ್ರೆಡ್_ಟಿ ಅನ್ನುವುದು ಬರೀ ನಂಬರ್ ಅಲ್ಲ, ವಿಳಾಸ. ಥ್ರೆಡ್‌ನ ಸ್ಟ್ಯಾಕ್ (ಅದರ ಸ್ವಂತ ಕೆಲಸದ ಜಾಗ) ಇರುವ ಮೆಮೊರಿಯ ಮೇಲ್ತುದಿಯಲ್ಲೇ ಅದರ ವಿವರ ಇರುತ್ತದೆ. 2.31ರ ಪಿಥ್ರೆಡ್_ಕಿಲ್ ಆ ವಿಳಾಸಕ್ಕೆ ಹೋಗಿ ಕರ್ನಲ್‌ನ ಥ್ರೆಡ್ ಐಡಿ ಓದಿ, ಅದಕ್ಕೆ ಟಿಜಿಕಿಲ್ ಮಾಡುತ್ತದೆ. ವಿಳಾಸದಲ್ಲಿ ಈಗ ಮೆಮೊರಿಯೇ ಇಲ್ಲದಿದ್ದರೆ ಸೆಗ್‌ಫಾಲ್ಟ್.

ಹಾಗಾದರೆ ಕೇಬಲ್ ಕಿತ್ತ ಪ್ರತಿ ಸಲ ಯಾಕೆ ಬೀಳಲ್ಲ? ಮುಗಿದ ಥ್ರೆಡ್‌ನ ಸ್ಟ್ಯಾಕನ್ನು ಜಿಲಿಬ್‌ಸಿ ತಕ್ಷಣ ವಾಪಸ್ ಕೊಡುವುದಿಲ್ಲ. 40 ಎಂಬಿ ತನಕ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಒಂದು ಸ್ಟ್ಯಾಕ್ 8 ಎಂಬಿ. ಮೆಮೊರಿ ಇನ್ನೂ ಇದೆ, ಒಳಗೆ ಥ್ರೆಡ್ ಐಡಿ ಸೊನ್ನೆ ಆಗಿದೆ, ಆಗ ಪಿಥ್ರೆಡ್_ಕಿಲ್ ಮರ್ಯಾದೆಯಾಗಿ ಈಸರ್ಚ್ ಎರರ್ ಕೊಡುತ್ತದೆ. ಅಂಥ ಥ್ರೆಡ್ ಇಲ್ಲ ಅಂತ. ಇದನ್ನೇ ನೆಚ್ಚಿಕೊಂಡು ಬರೆದ ಕೋಡ್ ಎಷ್ಟೋ ಇದೆ.

ಮೂರನೇ ಸಾಧ್ಯತೆ ಇನ್ನೂ ಕೆಟ್ಟದ್ದು. ಜಿಡಿಬಿಯಲ್ಲಿ ಓಡಿಸುತ್ತ, ಕಾಟಾ 2 ಮತ್ತು 3ರ ಸುಳ್ಳು ಪೋರ್ಟ್‌ಗಳನ್ನು ಒಟ್ಟಿಗೆ ಕಿತ್ತೆ. 3ನ್ನು ಮಾತ್ರ ಮತ್ತೆ ಜೋಡಿಸಿದೆ. ಪಟ್ಟಿ ಪ್ರಿಂಟ್ ಮಾಡಿದರೆ ಕಾಟಾ 2ರ ಹಳೇ ಪಿಥ್ರೆಡ್_ಟಿ 140737351558912. ಕಾಟಾ 3ರ ಹೊಸ ಪಿಥ್ರೆಡ್_ಟಿಯೂ 140737351558912. ಹೊಸ ಥ್ರೆಡ್‌ಗೆ ಹಳೇ ಥ್ರೆಡ್‌ನ ಸ್ಟ್ಯಾಕೇ ಸಿಕ್ಕಿದೆ. ಈಗ 2ಕ್ಕೆ ಕಳಿಸಿದ ಸಿಗ್ನಲ್ ಎಲ್ಲ 3ಕ್ಕೆ ಹೋಗುತ್ತದೆ, ಉತ್ತರ ಸೊನ್ನೆ, ಯಶಸ್ವಿ. 2ರ "ಆಯ್ತು" ಎಂದೂ ಬರುವುದಿಲ್ಲ, ಮೇನ್ ಥ್ರೆಡ್ ಕಳಿಸುತ್ತಲೇ ಇರುತ್ತದೆ.

6. ಥ್ರೆಡ್ ಐಡಿ ಹಿಡಿದು ಕಳಿಸಿದ್ದು

ವಿಳಾಸದ ಗೊಡವೆಯೇ ಬೇಡ ಅಂತ ಪ್ರತಿ ಥ್ರೆಡ್ ಶುರುವಾದಾಗ ಗೆಟ್‌ಟಿಡ್‌ನಿಂದ ಕರ್ನಲ್ ಐಡಿ ಪಡೆದು ಇಟ್ಟುಕೊಂಡೆ. ನೇರವಾಗಿ ಟಿಜಿಕಿಲ್ ಮಾಡಿದೆ. ಎರಡಕ್ಕೂ ಜಿಲಿಬ್‌ಸಿ 2.30ರಿಂದ ಫಂಕ್ಷನ್ ಇದೆ. ಸೆಗ್‌ಫಾಲ್ಟ್ ಹೋಯಿತು. ಥ್ರೆಡ್ ಇಲ್ಲದಿದ್ದರೆ ಈಸರ್ಚ್ ಬರುತ್ತದೆ.

ಆದರೆ ಥ್ರೆಡ್ ಐಡಿಯೂ ಮರುಬಳಕೆ ಆಗುವ ನಂಬರೇ. ಇದಕ್ಕಿಂತ ಹಳೆಯ ಟಿಕಿಲ್‌ನಲ್ಲಿ ಬರೀ ಥ್ರೆಡ್ ಐಡಿ ಕೊಡಬೇಕಿತ್ತು. ಅಷ್ಟರಲ್ಲಿ ಆ ನಂಬರ್ ಬೇರೆ ಪ್ರೋಗ್ರಾಮಿನ ಥ್ರೆಡ್‌ಗೆ ಹೋಗಿದ್ದರೆ ಸಿಗ್ನಲ್ ಅಲ್ಲಿಗೆ. 2.5.75 ಕರ್ನಲ್‌ನಲ್ಲಿ ಬಂದ ಟಿಜಿಕಿಲ್ ಪ್ರೋಸೆಸ್ ನಂಬರನ್ನೂ ಕೇಳಿ ಅದನ್ನು ತಡೆಯುತ್ತದೆ. ನಮ್ಮದೇ ಪ್ರೋಸೆಸ್ ಒಳಗೆ ನಂಬರ್ ಮರಳಿ ಬಂದರೆ ಅದಕ್ಕೂ ಗೊತ್ತಾಗಲ್ಲ. ಈ ಮಷಿನ್‌ನಲ್ಲಿ ಈ ನಂಬರ್‌ಗಳ (ಪಿಐಡಿ) ಮಿತಿ 41,94,304 ಇತ್ತು, ಹಾಗಾಗಿ ಮರಳಿ ಬರುವ ಸಾಧ್ಯತೆ ತೀರಾ ಕಡಿಮೆ. ಒಂದು ಥ್ರೆಡ್‌ಗೇ ಅಂಟಿದ ಪಿಡ್‌ಎಫ್‌ಡಿ (ನಂಬರ್ ಬದಲು ಕರ್ನಲ್ ಕೊಡುವ ಹಿಡಿಕೆ) ಇದ್ದರೆ ಅದೂ ಇರುತ್ತಿರಲಿಲ್ಲ. ಆದರೆ ಅದು ಬಂದದ್ದು ಕರ್ನಲ್ 6.9ರಲ್ಲಿ, ಇಲ್ಲಿರುವುದು 5.4.

ಓಎಸ್ ಅಪ್‌ಗ್ರೇಡ್ ಮಾಡಿದರೆ? ಉಬುಂಟು 22.04ರ ಜಿಲಿಬ್‌ಸಿ 2.35ರಲ್ಲಿ ಪಿಥ್ರೆಡ್_ಕಿಲ್‌ಗೂ ಥ್ರೆಡ್ ಮುಗಿಯುವುದಕ್ಕೂ ನಡುವಿನ ರೇಸ್ ಸರಿಮಾಡಿದ್ದಾರೆ. ಮುಗಿದ, ಆದರೆ ಇನ್ನೂ ಜಾಯಿನ್ ಆಗದ (ಇನ್ನೊಂದು ಥ್ರೆಡ್ ಕಾದು ಲೆಕ್ಕ ಮುಗಿಸದ) ಥ್ರೆಡ್‌ಗೆ ಕಳಿಸಿದರೆ ಈಗ ಎರರ್ ಬದಲು ಸೊನ್ನೆ ಬರುತ್ತದೆ. ಡಿಟ್ಯಾಚ್ ಆಗಿ ಮುಗಿದ ಥ್ರೆಡ್‌ನ ಹಳೇ ಪಿಥ್ರೆಡ್_ಟಿ ಅಲ್ಲೂ ಸತ್ತ ವಿಳಾಸವೇ. ಅಪ್‌ಗ್ರೇಡ್‌ನಿಂದ ನಮ್ಮ ಕೆಲಸ ಆಗುತ್ತಿರಲಿಲ್ಲ.

7. ಡಿಟ್ಯಾಚ್ ತೆಗೆದದ್ದು, ಪಿಪೋಲ್ ಹಾಕಿದ್ದು

ಎರಡು ಬದಲಾವಣೆ. ಒಂದು, ಥ್ರೆಡ್‌ಗಳೆಲ್ಲ ಜಾಯಿನ್ ಮಾಡುವಂಥವು. ಥ್ರೆಡ್ ಮುಗಿಯುವ ಮುನ್ನ ಒಂದು ಪೈಪ್‌ಗೆ ತನ್ನ ಕಾಟಾ ನಂಬರ್ ಬರೆಯುತ್ತದೆ. ಮೇನ್ ಅದನ್ನು ಓದಿ, ಜಾಯಿನ್ ಮಾಡಿ, ಪಟ್ಟಿಯ ಖಾನೆ ಖಾಲಿ ಮಾಡುತ್ತದೆ. ಜಾಯಿನ್ ಆಗುವವರೆಗೆ ಪಿಥ್ರೆಡ್_ಟಿ ಬೇರೆ ಯಾರಿಗೂ ಹೋಗುವುದಿಲ್ಲ. ಸಿಗ್ನಲ್ ಕಳಿಸುವುದೂ ಮೇನ್, ಜಾಯಿನ್ ಮಾಡುವುದೂ ಮೇನ್. ತಪ್ಪು ಥ್ರೆಡ್‌ಗೆ ಹೋಗುವ ಪ್ರಶ್ನೆಯೇ ಇಲ್ಲ.

ಎರಡು, ಥ್ರೆಡ್ ಹುಟ್ಟಿಸುವ ಮೊದಲೇ ಮೇನ್‌ನಲ್ಲಿ ಸಿಗ್‌ಯೂಸರ್1 ಬ್ಲಾಕ್ ಮಾಡಿದೆ, ಹುಟ್ಟುವ ಥ್ರೆಡ್‌ಗಳಿಗೂ ಅದೇ ಮಾಸ್ಕ್ (ಬ್ಲಾಕ್ ಆದ ಸಿಗ್ನಲ್‌ಗಳ ಪಟ್ಟಿ) ಬರುತ್ತದೆ. ರೀಡ್‌ಗೆ ಮುಂಚೆ ಪಿಪೋಲ್, ಪೋರ್ಟ್‌ನಲ್ಲಿ ಏನಾದರೂ ಬರುವವರೆಗೆ ಕಾಯುವ ಕಾಲ್. ಅದಕ್ಕೆ ಸಿಗ್‌ಯೂಸರ್1 ತೆರೆದಿರುವ ಮಾಸ್ಕ್ ಕೊಡಬೇಕು. ಸಂದಿಯಲ್ಲಿ ಬಂದ ಸಿಗ್ನಲ್ ಬ್ಲಾಕ್ ಆಗಿ ಕಾದಿರುತ್ತದೆ. ಪಿಪೋಲ್ ಮಾಸ್ಕ್ ಬದಲಿಸುವುದನ್ನೂ ಮಲಗುವುದನ್ನೂ ಕರ್ನಲ್ ಒಳಗೆ ಒಂದೇ ಏಟಿಗೆ ಮಾಡುವುದರಿಂದ ತಕ್ಷಣ ಈಇಂಟರ್ ಕೊಟ್ಟು ವಾಪಸ್ ಬರುತ್ತದೆ. ಮಾಸ್ಕ್ ತೆಗೆದುಕೊಳ್ಳದ ಬರೀ ಪೋಲ್ ಹಾಕಿ ಅದರ ಮುಂದೆ ಕೈಯಾರೆ ಮಾಸ್ಕ್ ತೆರೆದರೆ ಸಂದಿ ಮತ್ತೆ ಹುಟ್ಟುತ್ತದೆ.

200 ಮಿಲಿಸೆಕೆಂಡ್ ನಿದ್ದೆ ಇಟ್ಟೇ ಪರೀಕ್ಷೆ ಮಾಡಿದೆ. ಒಂದೂ ಸಿಕ್ಕಿಬೀಳಲಿಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು.

8. ಸಿಗ್ನಲ್ ಬಿಟ್ಟದ್ದು

ನಿಲ್ಲಿಸದೇ ಇದ್ದದ್ದಕ್ಕೆ ಕಾರಣ ಪ್ರಿಂಟರ್. ಚೀಟಿ ಪ್ರಿಂಟ್ ಮಾಡುವ ಕೋಡ್‌ನಲ್ಲೂ ರೀಡ್ ಇದೆ, ಪೇಪರ್ ಮುಗಿದಿದೆಯಾ ಅಂತ ಕೇಳಲು. ಎಲ್ಲೆಲ್ಲಿ ಥ್ರೆಡ್ ಕಾಯುತ್ತದೋ ಅಲ್ಲೆಲ್ಲ ಮಾಸ್ಕ್ ಆಟ ಆಡಬೇಕು. ನಾಳೆ ಬೇರೆಯವರು ಈ ಕೋಡ್ ಮುಟ್ಟಿ ಒಂದು ಕಡೆ ಮರೆತರೆ ಮತ್ತೆ ಅದೇ ಕಥೆ. ಸಿಗ್ನಲ್ ಅನ್ನುವುದು ಬಾಗಿಲು ತಟ್ಟಿ ಹೋದ ಹಾಗೆ, ಒಳಗಿನವರು ಬಚ್ಚಲಲ್ಲಿದ್ದರೆ ಮುಗಿಯಿತು. ನನಗೆ ಬೇಕಿದ್ದದ್ದು ಬಾಗಿಲ ಸಂದಿಯಲ್ಲಿ ಹಾಕಿದ ಚೀಟಿ.

ಅದಕ್ಕೆ ಈವೆಂಟ್‌ಎಫ್‌ಡಿ, ಕರ್ನಲ್ ಇಟ್ಟುಕೊಳ್ಳುವ ಫೈಲಿನಂಥ ಒಂದು ಎಣಿಕೆ. 2007ರ 2.6.22 ಕರ್ನಲ್‌ನಿಂದಲೇ ಇದೆ. ಒಂದು ಕಾಟಾಗೆ ಒಂದು. ಮೇನ್ ಅದಕ್ಕೆ 8 ಬೈಟ್‌ನ ಒಂದು ಸಂಖ್ಯೆ ಬರೆಯುತ್ತದೆ, ಥ್ರೆಡ್ ಓದುವವರೆಗೆ ಆ ಎಣಿಕೆ ಅಲ್ಲೇ ಇರುತ್ತದೆ. ಥ್ರೆಡ್ ಮಾಮೂಲಿ ಪೋಲ್‌ನಲ್ಲಿ ಸೀರಿಯಲ್ ಪೋರ್ಟ್ ಮತ್ತು ಈವೆಂಟ್‌ಎಫ್‌ಡಿ ಎರಡನ್ನೂ ಕಾಯುತ್ತದೆ. ಮೊದಲು ಬರೆದರೂ ಸರಿ, ಮಲಗಿದ ಮೇಲೆ ಬರೆದರೂ ಸರಿ. ಕೇಬಲ್ ಕಿತ್ತರೆ ಪೋಲ್‌ಹಪ್ (ಸಂಪರ್ಕ ಹೋಯಿತು) ಬೇರೆಯಾಗಿಯೇ ಬರುತ್ತದೆ. ಸರ್ವಿಸ್ ನಿಲ್ಲಿಸುವ ಸಿಗ್ನಲ್ ಸಿಗ್‌ಟರ್ಮ್ ಮಾತ್ರ ಮೇನ್‌ಗೆ ಬೇಕೇ ಬೇಕು, ಅದನ್ನು ಸಿಗ್ನಲ್ಲನ್ನೂ ಫೈಲಿನಂತೆ ಓದಲು ಕೊಡುವ ಸಿಗ್ನಲ್‌ಎಫ್‌ಡಿಯಲ್ಲಿ ಓದುತ್ತೇನೆ.

ಮೊದಲ ಆವೃತ್ತಿಯಲ್ಲಿ ಥ್ರೆಡ್ ಮುಗಿಯುವಾಗ ತನ್ನ ಈವೆಂಟ್‌ಎಫ್‌ಡಿಯನ್ನು ತಾನೇ ಮುಚ್ಚುತ್ತಿತ್ತು. ಪರೀಕ್ಷೆಯಲ್ಲಿ ಸುಳ್ಳು ಕಾಟಾದ ಸ್ಕ್ರಿಪ್ಟ್ ಒಂದು ವಿಚಿತ್ರ ಸಾಲು ತೋರಿಸಿತು. ಕಾಟಾಗೆ ಯಾರೂ ಏನೂ ಕಳಿಸಬಾರದು, ಆದರೆ ಬಂದಿದೆ: 01 00 00 00 00 00 00 00. ಎಂಟು ಬೈಟ್. ನನ್ನದೇ ಶಿಫ್ಟ್ ಬದಲಾವಣೆಯ ಸಂಖ್ಯೆ. ಥ್ರೆಡ್ ಮುಚ್ಚಿದ ಫೈಲ್ ನಂಬರನ್ನು ಕರ್ನಲ್ ಆಗ ತಾನೇ ತೆರೆದ ಸೀರಿಯಲ್ ಪೋರ್ಟ್‌ಗೆ ಕೊಟ್ಟಿತ್ತು. ಮೇನ್ ಹಳೇ ನಂಬರಿಗೆ ಬರೆದಿತ್ತು. ಪಿಥ್ರೆಡ್_ಟಿ, ಥ್ರೆಡ್ ಐಡಿ, ಈಗ ಫೈಲ್ ನಂಬರ್. ಮೂರಕ್ಕೂ ಒಂದೇ ಖಾಯಿಲೆ.

ಮದ್ದೂ ಒಂದೇ. ಈವೆಂಟ್‌ಎಫ್‌ಡಿ ತೆರೆಯುವುದು ಮೇನ್, ಥ್ರೆಡ್ ಹುಟ್ಟಿಸುವ ಮೊದಲು. ಮುಚ್ಚುವುದೂ ಮೇನ್, ಜಾಯಿನ್ ಆದ ಮೇಲೆ.

9. ಫೌಂಡ್ರಿಯಲ್ಲಿ ಹಾಕಿದ್ದು

ಇನ್ನೊಂದು ಗುರುವಾರ. ಎರಡು ಯುಎಸ್‌ಬಿ ಕನ್ವರ್ಟರ್ ಸಡಿಲ ಇದ್ದವು, ಪುಣೆಯ ಬುಧವಾರ ಪೇಠೆ ಅನ್ನುವ ಬಡಾವಣೆಯ ತಪಕೀರ್ ಗಲ್ಲಿಯಿಂದ ಹೊಸದು ತಂದಿದ್ದೆ, ಒಂದಕ್ಕೆ ₹450. ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ₹900. ಕೇಬಲ್‌ಗಳನ್ನು ಟೇಬಲ್ ಕಾಲಿಗೆ ಟೈ ಹಾಕಿ ಬಿಗಿದೆ, ಟ್ರಾಲಿ ಎಳೆಯುವಾಗ ಇನ್ನು ಸಿಕ್ಕಿಕೊಳ್ಳಲ್ಲ. ಎಫ್‌ಸಿಂಕ್ ತೆಗೆದು ಸ್ಟೇಟಸ್ ಫೈಲನ್ನು ರ್‍ಯಾಮ್‌ನಲ್ಲಿರುವ ಫೋಲ್ಡರ್‌ಗೆ ಸರಿಸಿದೆ. ಕರೆಂಟ್ ಹೋದರೆ ಹೋಗಲಿ, ಸ್ಟೇಟಸ್ ತಾನೇ. ಸರ್ವಿಸ್ ನಿಲ್ಲಿಸಿದರೆ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ. ಚೀಟಿ ಬಟನ್ ಒತ್ತಿದ ಕೂಡಲೇ ಬರುತ್ತದೆ.

ತೂಕ ಮತ್ತು ಶಿಫ್ಟ್ ಬದಲಾವಣೆ ಎರಡೂ ಒಂದೇ ಪೋಲ್‌ನಲ್ಲಿ ಸಿದ್ಧವಾಗಿ ಬಂದರೆ ಯಾವುದು ಮೊದಲು ಅನ್ನುವುದನ್ನು ಕೋಡ್ ಹೇಳಲಾರದು. ಸೂಪರ್‌ವೈಸರ್‌ನನ್ನು ಕೇಳಿದೆ. "ಬಟನ್ ಒತ್ತೂದ್ರಾಗ ಕಾಟಾದ ಮ್ಯಾಲೆ ಪೀಸ್ ಇದ್ರ ಅದು ಹಳೇ ಮಂದೀದು" ಅಂದರು. ಹಾಗಾಗಿ ಮೊದಲು ತೂಕ ಓದಿ, ಆಮೇಲೆ ಫೈಲ್ ಬದಲಿಸುತ್ತದೆ.

ಉಳಿದಿರುವುದು ಅರ್ಧ ಸಾಲಿನ ವಿಷಯ. 18 ಬೈಟ್ 9600 ಬಾಡ್‌ನಲ್ಲಿ ಬರಲು ಸುಮಾರು 19 ಮಿಲಿಸೆಕೆಂಡ್ ಬೇಕು. ಅದರ ನಡುವೆ ಬಟನ್ ಒತ್ತಿದರೆ ಮೊದಲ ಕೆಲವು ಬೈಟ್ ಮಾತ್ರ ಕೈಯಲ್ಲಿರುತ್ತವೆ. ಸಾಲು ಅರ್ಧ ಬಂದಿದ್ದರೆ 100 ಮಿಲಿಸೆಕೆಂಡ್ ತನಕ ಕಾದು ಪೂರ್ತಿ ಮಾಡಿಕೊಂಡು ಆಮೇಲೆ ಫೈಲ್ ಬದಲಿಸುವ ಕೋಡ್ ಬರೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದೆ, ಫೌಂಡ್ರಿಗೆ ಇನ್ನೂ ಹಾಕಿಲ್ಲ.